ಕಪ್ ಇಲ್ಲದವರ ಪಂಕ್ತಿ

ಕ್ರೀಡೆಯನ್ನು ಕುರಿತ ಹರಟೆಯನ್ನು ಒಂದೇ ಏಟಿಗೆ ಮುಗಿಸಿಬಿಡಬಲ್ಲ ಪ್ರಶ್ನೆಯೊಂದು ದರ್ಶಿನಿಗಳ ನಿಂತು ತಿನ್ನುವ ಮೇಜುಗಳಿಂದ ಹಿಡಿದು ಮದುವೆ ಛತ್ರಗಳಲ್ಲಿ ಎರಡನೆಯ ಪಂಕ್ತಿಗೆ ಕಾಯುವವರ ಕುರ್ಚಿಗಳವರೆಗೆ ಎಲ್ಲೆಡೆ ಹಬ್ಬಿಕೊಂಡಿದ್ದು, ಅದರ ಉದ್ದ ಮೂರೇ ಪದಗಳಷ್ಟಿದೆ: ಎಷ್ಟು ಕಪ್ ಗೆದ್ದಿದ್ದಾನೆ? ಗುಂಡಪ್ಪ ವಿಶ್ವನಾಥ್ ಅವರ ಸ್ಕ್ವೇರ್ ಕಟ್ ಎಂಬ ಹೊಡೆತವನ್ನು, ಅಂದರೆ ಆಫ್ ಸ್ಟಂಪಿನ ಆಚೆ ಗಿಡ್ಡಕ್ಕೆ ಬಿದ್ದ ಚೆಂಡನ್ನು ಮಣಿಕಟ್ಟಿನ ಬಲದಿಂದಲೇ ಪಾಯಿಂಟ್ ದಿಕ್ಕಿನ ಬೇಲಿಗೆ ಕಳುಹಿಸುವ ಆ ಕಲೆಯನ್ನು, ಹಿರಿಯರಾದವರು ಕೈಯಲ್ಲಿರುವ ಚಮಚವನ್ನೇ ಬ್ಯಾಟು ಮಾಡಿಕೊಂಡು ವಿವರಿಸಲು ಹೊರಡುವುದೂ, ಕಿರಿಯರಾದವರು ಮೊಬೈಲಿನಿಂದ ತಲೆಯೆತ್ತದೆಯೇ ಈ ಪ್ರಶ್ನೆಯನ್ನು ಎಸೆಯುವುದೂ, ಚಮಚ ಮತ್ತೆ ಸಾಂಬಾರಿಗೆ ಇಳಿಯುವುದೂ ಈಗ ಒಂದು ಪದ್ಧತಿಯಂತಾಗಿದೆ. ಈ ಪ್ರಶ್ನೆಯಲ್ಲಿ ಕಿರಿಕಿರಿಯ ಸಂಗತಿಯೆಂದರೆ ಅದಕ್ಕೆ ಉತ್ತರವಿದೆ ಎಂಬುದು. ಸೌಂದರ್ಯ, ಧೈರ್ಯ, ತಾಳ್ಮೆ ಮೊದಲಾದವುಗಳ ಬಗೆಗಿನ ಪ್ರಶ್ನೆಗಳಿಗೆ ಉತ್ತರ ಹೇಳಲು ಒಂದು ಸಂಜೆ ಸಾಲದಿರುವಾಗ, ಇದಕ್ಕೆ ಒಂದು ಅಂಕಿ ಸಾಕಾಗುತ್ತದೆ, ಮತ್ತು ಆ ಅಂಕಿ ಬಹಳ ಸಲ ಸೊನ್ನೆಯಾಗಿರುತ್ತದೆ.

ತಂಡದ ಆಟದಲ್ಲಿ ಒಬ್ಬ ಆಟಗಾರನ ಹಿರಿಮೆಯನ್ನು ತಂಡ ಗೆದ್ದ ಪ್ರಶಸ್ತಿಗಳಿಂದ ಅಳೆಯುವ ಈ ರೂಢಿಗೆ ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೋಕದಲ್ಲಿ ಉಂಗುರದ ಲೆಕ್ಕವೆಂಬ ಹೆಸರೇ ಇದೆ, ಏಕೆಂದರೆ ಅಲ್ಲಿ ವೃತ್ತಿಪರ ಲೀಗನ್ನು ಗೆದ್ದ ತಂಡದ ಆಟಗಾರರಿಗೆಲ್ಲ ಒಂದೊಂದು ಉಂಗುರ ಕೊಡುವ ಸಂಪ್ರದಾಯವಿದೆ. ಆ ಲೆಕ್ಕದ ಪ್ರಕಾರ ಮೈಕೆಲ್ ಜೋರ್ಡನ್ ಅವರಿಗೆ ಆರು ಉಂಗುರಗಳು, ಬಹುಪಾಲು ಆಟಗಳಲ್ಲಿ ಬೆಂಚಿನಿಂದ ಎದ್ದು ಬಂದು ಆಡಿದ ರಾಬರ್ಟ್ ಹೋರಿ ಅವರಿಗೆ ಏಳು. ಆದರೂ ಹೋರಿಯವರನ್ನು ಜೋರ್ಡನ್ ಅವರಿಗಿಂತ ಹಿರಿಯರೆಂದು ಉಂಗುರ ಎಣಿಸುವವರು ಕೂಡ ಹೇಳಿದ್ದಿಲ್ಲ. ಲೆಕ್ಕ ತಮಗೆ ಬೇಕಾದ ಉತ್ತರ ಕೊಟ್ಟಾಗ ಅದು ಗಣಿತವಾಗುತ್ತದೆ, ಕೊಡದಿದ್ದಾಗ ಸಂದರ್ಭವನ್ನು ನೋಡಬೇಕು ಎಂಬ ವಿವೇಕ ಮೂಡುತ್ತದೆ. ಹೀಗೆ ಅನುಕೂಲಕ್ಕೆ ತಕ್ಕಂತೆ ವಿವೇಕಿಗಳಾಗುವುದು ಪ್ರೇಕ್ಷಕರ ಜನ್ಮಸಿದ್ಧ ಹಕ್ಕು ಎಂಬುದನ್ನು ಒಪ್ಪಿಕೊಂಡೇ ಮುಂದುವರಿಯಬೇಕು. ಹಾಗೆ ನೋಡಿದರೆ ಇಂಥ ಪ್ರಬಂಧಗಳನ್ನು ಬರೆಯಲು ಕೂರುವವರು ಸಾಮಾನ್ಯವಾಗಿ ಶಾಲೆಯ ತಂಡದಲ್ಲಿ ಹನ್ನೆರಡನೆಯವರಾಗಿ ನೀರಿನ ಬಾಟಲಿ ಹೊತ್ತವರೇ ಆಗಿರುವುದರಿಂದ, ಕಪ್ ಇಲ್ಲದವರ ಪರವಾಗಿ ಅವರು ವಹಿಸುವ ವಕಾಲತ್ತಿನಲ್ಲಿ ಸ್ವಲ್ಪ ಸ್ವಾರ್ಥವೂ ಇರುತ್ತದೆಂದು ಓದುಗರು ಊಹಿಸಿದರೆ ತಪ್ಪಾಗಲಾರದು.

ಕ್ರಿಕೆಟ್ಟಿನ ಮಟ್ಟಿಗೆ ಈ ಲೆಕ್ಕ ಇನ್ನೂ ವಿಚಿತ್ರವಾಗುತ್ತದೆ. ಗಂಡಸರ ಆಟದಲ್ಲಿ ಗೆಲ್ಲಲು ಒಂದು ವಿಶ್ವಕಪ್ ಹುಟ್ಟಿದ್ದೇ 1975ರಲ್ಲಿ, ಅದೂ ಒಂದು ದಿನದಲ್ಲಿ ಮುಗಿಯುವ ಸೀಮಿತ ಓವರುಗಳ ಆಟಕ್ಕೆ. ಐದು ದಿನಗಳ ಟೆಸ್ಟ್ ಆಟಕ್ಕೆ ವಿಶ್ವ ಚಾಂಪಿಯನ್‌ಶಿಪ್ ಬರಲು 2019ರವರೆಗೆ ಕಾಯಬೇಕಾಯಿತು. 1948ರಲ್ಲಿ ನಿವೃತ್ತರಾದ ಡೊನಾಲ್ಡ್ ಬ್ರಾಡ್ಮನ್ ಅವರ ಟೆಸ್ಟ್ ಸರಾಸರಿ 99.94, ಅವರು ಗೆದ್ದ ವಿಶ್ವಕಪ್ಪುಗಳು ಸೊನ್ನೆ. ಓವಲ್ ಮೈದಾನದಲ್ಲಿ 1971ರಲ್ಲಿ 38 ರನ್ನಿಗೆ 6 ವಿಕೆಟ್ ಪಡೆದು ಭಾರತಕ್ಕೆ ಇಂಗ್ಲೆಂಡಿನ ನೆಲದ ಮೇಲಿನ ಮೊದಲ ಟೆಸ್ಟ್ ಗೆಲುವನ್ನು, ಅದರ ಜೊತೆಗೆ ಸರಣಿಯನ್ನೂ ತಂದುಕೊಟ್ಟ ಬಿ.ಎಸ್. ಚಂದ್ರಶೇಖರ್ ಅವರಿಗೆ ಆ ದಿನ ಯಾರೂ ಕಪ್ಪಿನ ಲೆಕ್ಕ ಕೇಳಲಿಲ್ಲ, ಏಕೆಂದರೆ ಕೇಳಲು ಕಪ್ಪೇ ಇರಲಿಲ್ಲ. ಒಂದು ಅಳತೆಗೋಲು ಹುಟ್ಟುವ ಮೊದಲೇ ಆಡಿ ಮುಗಿಸಿದವರನ್ನು ಅದೇ ಕೋಲಿನಿಂದ ಅಳೆದು ಗಿಡ್ಡ ಎನ್ನುವುದು ಅನ್ಯಾಯವೆಂದು ತೋರಿದರೂ, ಮೊಬೈಲಿನಿಂದ ತಲೆಯೆತ್ತದವರಿಗೆ 1971 ಕೂಡ 1171ರಷ್ಟೇ ದೂರದ್ದು.

ವಿಶ್ವನಾಥ್ ಅವರ ವಿಷಯದಲ್ಲಿ ಚಮಚ ಎತ್ತುವವರ ಕಷ್ಟ ಅರ್ಥಮಾಡಿಕೊಳ್ಳತಕ್ಕದ್ದಾಗಿದೆ. 1969ರಲ್ಲಿ ಕಾನ್ಪುರದಲ್ಲಿ ಆಸ್ಟ್ರೇಲಿಯದ ವಿರುದ್ಧ ಆಡಿದ ಮೊದಲ ಟೆಸ್ಟಿನ ಮೊದಲ ಸರದಿಯಲ್ಲಿ ಸೊನ್ನೆ, ಎರಡನೆಯದರಲ್ಲಿ 137. ಅಲ್ಲಿಂದ 1983ರ ಆರಂಭದಲ್ಲಿ ಕರಾಚಿಯಲ್ಲಿ ಮುಗಿದ 91ನೆಯ ಟೆಸ್ಟಿನವರೆಗೆ 14 ಶತಕಗಳನ್ನು ಹೊಡೆದ ಅವರು, ಯಾವ ಟೆಸ್ಟಿನಲ್ಲಿ ಶತಕ ಹೊಡೆದರೋ ಅದನ್ನು ಭಾರತ ಸೋಲಲಿಲ್ಲ. ಆದರೆ ಅವರ ಮಾತು ಬಂದಾಗ ಜನ ಮೊದಲು ಹೇಳುವುದು ಆ ಹದಿನಾಲ್ಕರಲ್ಲಿ ಒಂದನ್ನಲ್ಲ. 1975ರ ಜನವರಿಯಲ್ಲಿ ಮದರಾಸಿನ ಚೆಪಾಕ್ ಮೈದಾನದಲ್ಲಿ, ವೆಸ್ಟ್ ಇಂಡೀಸಿನ ಆ್ಯಂಡಿ ರಾಬರ್ಟ್ಸ್ ಏಳು ವಿಕೆಟ್ ಕಿತ್ತುಕೊಂಡು ಭಾರತವನ್ನು 190ಕ್ಕೆ ಮುಗಿಸಿದ ದಿನ, ಒಂದು ತುದಿಯಲ್ಲಿ ಜೊತೆಗಾರರೆಲ್ಲ ಬಂದು ಹೋಗುತ್ತಿರಲು ಇನ್ನೊಂದು ತುದಿಯಲ್ಲಿ ಅಜೇಯವಾಗಿ ಉಳಿದ 97 ರನ್ನುಗಳನ್ನೇ ಹೇಳುತ್ತಾರೆ. ಆ ಪಂದ್ಯವನ್ನು ಭಾರತ ಗೆದ್ದಿತು, ಸರಣಿಯನ್ನು ಮಾತ್ರ 3-2ರಿಂದ ಸೋತಿತು. ಆಡಿದವರಿಗೆ ಶತಕವೂ ಆಗಲಿಲ್ಲ, ತಂಡಕ್ಕೆ ಸರಣಿಯೂ ದಕ್ಕಲಿಲ್ಲ, ಲೆಕ್ಕದ ಪುಸ್ತಕದಲ್ಲಿ ಯಾವ ಕಡೆಯಿಂದ ನೋಡಿದರೂ ಒಂದಿಷ್ಟು ಕಡಿಮೆಯೇ ಬಿದ್ದ ಆ ಆಟ ಐದು ದಶಕ ಕಳೆದರೂ ಹಳತಾಗಿಲ್ಲ.

ಅದಕ್ಕಿಂತಲೂ ವಿಲಕ್ಷಣವಾದದ್ದು 1980ರ ಫೆಬ್ರವರಿಯಲ್ಲಿ ಮುಂಬಯಿಯಲ್ಲಿ ನಡೆದ ಸುವರ್ಣ ಮಹೋತ್ಸವ ಟೆಸ್ಟ್. ಭಾರತೀಯ ಕ್ರಿಕೆಟ್ ಮಂಡಳಿಗೆ ಐವತ್ತು ತುಂಬಿದ ನೆನಪಿಗೆ ಇಂಗ್ಲೆಂಡಿನೊಂದಿಗೆ ಏರ್ಪಡಿಸಿದ ಈ ಒಂದೇ ಪಂದ್ಯಕ್ಕೆ ವಿಶ್ವನಾಥ್ ನಾಯಕರಾಗಿದ್ದರು. ಇಂಗ್ಲೆಂಡ್ 58 ರನ್ನಿಗೆ ಐದು ವಿಕೆಟ್ ಕಳೆದುಕೊಂಡು ಏದುಸಿರು ಬಿಡುತ್ತಿತ್ತು. ಆಗ ವಿಕೆಟ್ ಕೀಪರ್ ಬಾಬ್ ಟೇಲರ್ ಅವರ ಬ್ಯಾಟನ್ನು ಸವರಿ ಚೆಂಡು ಹಿಂದಕ್ಕೆ ಹೋಯಿತೆಂದು ಭಾವಿಸಿ ಅಂಪೈರ್ ಔಟ್ ಕೊಟ್ಟರು. ಸ್ಲಿಪ್ಪಿನಲ್ಲಿ, ಅಂದರೆ ಕೀಪರಿನ ಪಕ್ಕದಲ್ಲಿಯೇ, ನಿಂತಿದ್ದ ವಿಶ್ವನಾಥ್ ಅವರಿಗೆ ಚೆಂಡು ಬ್ಯಾಟಿಗೆ ತಾಗಿಲ್ಲವೆಂದು ಖಚಿತವಾಗಿದ್ದುದರಿಂದ, ತೀರ್ಪನ್ನು ಹಿಂತೆಗೆದುಕೊಳ್ಳುವಂತೆ ಅಂಪೈರಲ್ಲಿ ಅವರೇ ಕೇಳಿಕೊಂಡು ಟೇಲರ್ ಅವರನ್ನು ವಾಪಸು ಕರೆಸಿದರು. ಹೀಗೆ ಮರಳಿ ಬಂದ ಟೇಲರ್, ಇಯಾನ್ ಬೋಥಮ್ ಅವರೊಡನೆ ಸೇರಿ 171 ರನ್ನುಗಳ ಜೊತೆಯಾಟ ಕಟ್ಟಿದರು. ಇಂಗ್ಲೆಂಡ್ ಹತ್ತು ವಿಕೆಟ್ಟುಗಳಿಂದ ಗೆದ್ದಿತು. ವಿಶ್ವನಾಥ್ ಭಾರತವನ್ನು ಮುನ್ನಡೆಸಿದ್ದು ಒಟ್ಟು ಎರಡೇ ಟೆಸ್ಟುಗಳಲ್ಲಿ, ಒಂದು ಡ್ರಾ, ಇನ್ನೊಂದು ಈ ಸೋಲು. ನಾಯಕತ್ವವನ್ನು ಗೆಲುವಿನಿಂದ ಅಳೆಯುವವರ ಪಟ್ಟಿಯಲ್ಲಿ ಅವರ ಹೆಸರು ಕಡೆಯಲ್ಲಿ ಎಲ್ಲೋ ಇರಬೇಕು. ಆದರೆ ಆ ಪಂದ್ಯದಲ್ಲಿ 13 ವಿಕೆಟ್ಟುಗಳನ್ನೂ ಶತಕವನ್ನೂ ಗಳಿಸಿದ ಬೋಥಮ್ ಅವರ ಸಾಹಸವನ್ನು ನೆನೆಯುವವರಿಗಿಂತ, ಎದುರಾಳಿಯನ್ನು ಕರೆದು ಮತ್ತೆ ಕ್ರೀಸಿನಲ್ಲಿ ನಿಲ್ಲಿಸಿದ ಸೋತ ನಾಯಕನನ್ನು ನೆನೆಯುವವರು ಕನ್ನಡನಾಡಿನಲ್ಲಿ ಹೆಚ್ಚು. ಒಂದು ಪಂದ್ಯವನ್ನೇ ಕಳೆದುಕೊಂಡವರನ್ನು ಹೀಗೆ ಹೊಗಳುವುದು ಸರಿಯೇ ಎಂದು ಟಿಕೆಟ್ಟಿಗೆ ದುಡ್ಡು ಕೊಟ್ಟು ಬಂದಿದ್ದ ಮುಂಬಯಿಯ ಪ್ರೇಕ್ಷಕರು ಕೇಳಿದರೆ, ಆ ಪ್ರಶ್ನೆಯಲ್ಲಿಯೂ ತಥ್ಯವಿಲ್ಲದಿಲ್ಲ.

ಇಲ್ಲಿ ಒಂದು ಮಾತನ್ನು ಸೇರಿಸದಿದ್ದರೆ ವಿಶ್ವನಾಥ್ ಅವರಿಗೇ ಅನ್ಯಾಯ ಮಾಡಿದಂತಾಗುತ್ತದೆ: ಅವರ ಬಳಿ ಕಪ್ ಇಲ್ಲವೆಂಬುದು ನಿಜವಲ್ಲ. ರಣಜಿ ಟ್ರೋಫಿ, ಎಂದರೆ ರಾಜ್ಯ ತಂಡಗಳ ನಡುವೆ ನಡೆಯುವ ದೇಶದ ಮುಖ್ಯ ಪಂದ್ಯಾವಳಿ, 1958-59ರಿಂದ ಸತತವಾಗಿ ಹದಿನೈದು ವರ್ಷ ಮುಂಬಯಿಯ ಮನೆಯ ಪಾತ್ರೆಯಂತೆ ಅಲ್ಲಿಯೇ ಉಳಿದಿತ್ತು. ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂದ 1973ರ ನವೆಂಬರಿನ ನಂತರ, ಮೈಸೂರು ಎಂಬ ಹಳೆಯ ಹೆಸರನ್ನು ಬಿಟ್ಟು ಹೊಸ ಹೆಸರಿನಲ್ಲಿ ಆಡುತ್ತಿದ್ದ ತಂಡ ಆ ಋತುವಿನ ಸೆಮಿಫೈನಲ್ಲಿನಲ್ಲಿ ಬೆಂಗಳೂರಿಗೆ ಬಂದ ಮುಂಬಯಿಯನ್ನು ಎದುರಿಸಿತು. ವಿಶ್ವನಾಥ್ 162 ಹೊಡೆದರು, ಬ್ರಿಜೇಶ್ ಪಟೇಲ್ ಇನ್ನೊಂದು ಶತಕ ಸೇರಿಸಿದರು, ನಾಯಕ ಎರಪಳ್ಳಿ ಪ್ರಸನ್ನ ಅವರ ತಿರುವಿಗೆ ಸುನಿಲ್ ಗಾವಸ್ಕರ್ ಬೌಲ್ಡ್ ಆದರು, ಅಜಿತ್ ವಾಡೇಕರ್ ರನೌಟ್ ಆದರು, ಮತ್ತು ಪಂದ್ಯ ಪೂರ್ಣ ತೀರ್ಮಾನವಾಗದಿದ್ದರೆ ಮೊದಲ ಸರದಿಯಲ್ಲಿ ಹೆಚ್ಚು ರನ್ ಗಳಿಸಿದವರು ಮುಂದಕ್ಕೆ ಹೋಗುತ್ತಾರೆಂಬ ನಿಯಮದ ಮೇರೆಗೆ ಕರ್ನಾಟಕ ಫೈನಲ್ ತಲುಪಿತು. ಜೈಪುರದಲ್ಲಿ ರಾಜಸ್ಥಾನವನ್ನು ಸೋಲಿಸಿ ಟ್ರೋಫಿಯನ್ನು ಎತ್ತಿಕೊಂಡು ಬಂದದ್ದು ಆಮೇಲಿನ ಮಾತು. ಸ್ವಾರಸ್ಯವೆಂದರೆ, ಟ್ರಾನ್ಸಿಸ್ಟರನ್ನು ಕಿವಿಗೆ ಒತ್ತಿಕೊಂಡು ಆ ವರ್ಷವನ್ನು ಕಳೆದ ತಲೆಮಾರಿಗೆ ಪ್ರಸನ್ನರು ಗಾವಸ್ಕರರ ಸ್ಟಂಪು ಕೆಡವಿದ ಚೆಂಡು ಎಲ್ಲಿ ಬಿದ್ದು ಎತ್ತ ತಿರುಗಿತೆಂಬುದು ಅಂಗೈ ಗೆರೆಯಷ್ಟು ಪರಿಚಿತ, ಜೈಪುರದಲ್ಲಿ ಏನಾಯಿತೆಂದು ಕೇಳಿದರೆ ಗೆದ್ದೆವು ಎಂಬುದಕ್ಕಿಂತ ಹೆಚ್ಚಿನ ವಿವರ ಬರುವುದು ಅಪರೂಪ. ಕಪ್ ಕೊಟ್ಟದ್ದು ಫೈನಲ್ಲು, ಕಥೆ ಕೊಟ್ಟದ್ದು ಸೆಮಿಫೈನಲ್ಲು. ಇಷ್ಟಾಗಿಯೂ ಈ ಟ್ರೋಫಿಯ ಹೆಸರೆತ್ತಿದರೆ ಪ್ರಶ್ನೆ ಕೇಳಿದವರು, ಅದಲ್ಲ, ದೊಡ್ಡ ಕಪ್ ಎಷ್ಟು, ಎಂದು ತಿದ್ದುತ್ತಾರೆ. ಯಾವುದು ದೊಡ್ಡದು ಎಂಬುದನ್ನು ಅವರವರು ಹುಟ್ಟಿದ ವರ್ಷ ನಿರ್ಧರಿಸುತ್ತದೆ.

ದೊಡ್ಡ ಕಪ್ 1983ರ ಜೂನಿನಲ್ಲಿ ಬಂತು, ಅಂದರೆ ವಿಶ್ವನಾಥ್ ಅವರ ಕರಾಚಿ ಟೆಸ್ಟ್ ಮುಗಿದ ಕೆಲವೇ ತಿಂಗಳ ಮೇಲೆ. 1975 ಮತ್ತು 1979ರ ವಿಶ್ವಕಪ್ಪುಗಳಲ್ಲಿ, ಒಂದು ದಿನದ ಆಟವೆಂದರೆ ಏನೆಂದು ದೇಶಕ್ಕೇ ಸರಿಯಾಗಿ ತಿಳಿಯದಿದ್ದ ಕಾಲದಲ್ಲಿ, ಆಗಿನ್ನೂ ಟೆಸ್ಟ್ ಮಾನ್ಯತೆ ಇಲ್ಲದ ಶ್ರೀಲಂಕಾಕ್ಕೂ ಸೋತ ತಂಡದಲ್ಲಿ ಇದ್ದ ಅವರು ಗೆಲ್ಲುವ ಹೊತ್ತಿಗೆ ಇರಲಿಲ್ಲ. ಆ ಗೆದ್ದ ತಂಡದ ಹದಿನಾಲ್ಕು ಮಂದಿಯಲ್ಲಿ ಸುನಿಲ್ ವಾಲ್ಸನ್ ಎಂಬ ಎಡಗೈ ವೇಗದ ಬೌಲರ್ ಇದ್ದರು. ಆ ವಿಶ್ವಕಪ್ಪಿನಲ್ಲಿ ಅವರಿಗೆ ಒಂದು ಪಂದ್ಯವನ್ನೂ ಆಡುವ ಅವಕಾಶ ಸಿಗಲಿಲ್ಲ, ಮುಂದೆಯೂ ಭಾರತದ ಪರವಾಗಿ ಅವರು ಯಾವ ಅಂತಾರಾಷ್ಟ್ರೀಯ ಪಂದ್ಯವನ್ನೂ ಆಡಲಿಲ್ಲ. ದೇಶೀಯ ಕ್ರಿಕೆಟ್ಟಿನಲ್ಲಿ ದುಡಿದು ಆ ಹದಿನಾಲ್ಕರಲ್ಲಿ ಒಬ್ಬರಾದ ಅವರ ಯೋಗ್ಯತೆಯನ್ನು ಪ್ರಶ್ನಿಸುವ ಉದ್ದೇಶ ಇಲ್ಲಿಲ್ಲ. ನೀರಿನ ಬಾಟಲಿ ಹೊತ್ತವರು ಪ್ರಶ್ನಿಸುವಂತೆಯೂ ಇಲ್ಲ. ಕಪ್ಪಿನ ಗಣಿತಕ್ಕೆ ನಿಷ್ಠರಾದವರು ಮಾತ್ರ ವಾಲ್ಸನ್ ಒಂದು, ವಿಶ್ವನಾಥ್ ಸೊನ್ನೆ ಎಂದು ಬರೆದು ಕೆಳಗೆ ಗೆರೆ ಎಳೆಯಬೇಕಾಗುತ್ತದೆ, ಮತ್ತು ಗೆರೆ ಎಳೆಯುವ ಕೈ ಅಲ್ಲಿ ತಡೆಯುತ್ತದೆ. ಮದುವೆಯ ಸಾರು ಹೇಗಿತ್ತೆಂದು ಕೇಳಿದರೆ ಗಂಡುಹೆಣ್ಣು ಹೊಂದಿಕೊಂಡು ಬಾಳುತ್ತಿದ್ದಾರೆಯೇ ಎಂದು ನೋಡಿ ಹೇಳುತ್ತೇವೆ ಎನ್ನುವವರ ಗೊಂದಲ ಇದು. ಎರಡೂ ಒಂದೇ ಚಪ್ಪರದ ಕೆಳಗೆ ನಡೆದದ್ದು ನಿಜ, ಅಷ್ಟರಿಂದ ಅಡುಗೆಯವರಿಗೆ ದಾಂಪತ್ಯದ ಹೊಣೆ ಬರುವುದಿಲ್ಲ.

ಈ ಗೊಂದಲ ಕನ್ನಡಕ್ಕೆ ಹೊಸದಾಗಿ ಬಂದದ್ದೆಂದು ಹೇಳಲಾಗದು, ಅದರ ಮದ್ದೂ ಹಳೆಯದೇ. ಹತ್ತನೆಯ ಶತಮಾನದ ಪಂಪ ತನ್ನ ಒಡೆಯ ಅರಿಕೇಸರಿಯನ್ನು ಅರ್ಜುನನೊಂದಿಗೆ ಸಮೀಕರಿಸಿ ಬರೆದ ಕಾವ್ಯದ ಹೆಸರಿನಲ್ಲಿಯೇ ವಿಜಯವಿದೆ, ಅದು ವಿಕ್ರಮಾರ್ಜುನ ವಿಜಯ. ಗೆದ್ದವರ ಹೆಸರಿನ, ಗೆದ್ದವರ ಆಶ್ರಯದ, ಗೆದ್ದವರಿಗೆ ಅರ್ಪಿತವಾದ ಆ ಕಾವ್ಯದಲ್ಲಿ ಯುದ್ಧ ಮುಗಿಯುವ ಹೊತ್ತಿಗೆ ಕವಿ ಓದುಗರಿಗೆ ನೆನೆಯಲು ಹೇಳುವುದು ಸೋತು ಸತ್ತ ಕರ್ಣನನ್ನು. ರನ್ನನ ಗದಾಯುದ್ಧಕ್ಕೂ ಸಾಹಸಭೀಮ ವಿಜಯವೆಂಬ ಹೆಸರಿದೆ, ಅಲ್ಲಿ ಸತ್ಯಾಶ್ರಯ ಭೀಮನಾಗಿದ್ದಾನೆ. ಆದರೆ ಆ ಕಾವ್ಯವನ್ನು ಓದಿ ಮುಗಿಸಿದವರ ಮನಸ್ಸಿನಲ್ಲಿ ಭೀಮನಿಗಿಂತ ಹೆಚ್ಚು ಜಾಗ ಹಿಡಿದು ಕೂರುವವನು ದುರ್ಯೋಧನ. ಆಸ್ಥಾನ ಕವಿಗಳಿಗೆ ಯಾರು ಗೆದ್ದರೆಂಬುದು ಚೆನ್ನಾಗಿ ಗೊತ್ತಿತ್ತು, ಸಂಬಳ ಬರುತ್ತಿದ್ದುದೂ ಅಲ್ಲಿಂದಲೇ. ಶೀರ್ಷಿಕೆಯನ್ನು ಗೆದ್ದವರಿಗೆ ಕೊಟ್ಟು ಒಳಗಿನ ಪುಟಗಳನ್ನು ಸೋತವರಿಗೆ ಬಿಡುವ ಜಾಣತನವನ್ನು ಅವರು ಕಂಡುಕೊಂಡಿದ್ದರು. ಮರುದಿನದ ಪತ್ರಿಕೆಗೆ ಪಂದ್ಯದ ವರದಿ ಬರೆಯುವವರೂ ಹಲವು ಸಲ ಅದನ್ನೇ ಮಾಡುತ್ತಾರೆ, ಪಂಪನ ಹೆಸರು ಹೇಳುವುದಿಲ್ಲ, ಅಷ್ಟೆ.

ಬೆಂಗಳೂರಿನ ಐಪಿಎಲ್ ತಂಡದ ಚರಿತ್ರೆಯನ್ನಂತೂ ರನ್ನನಂಥವರೇ ಬರೆಯಬೇಕಾಗಿತ್ತು. 2008ರ ಏಪ್ರಿಲ್ 18ರಂದು ಆಡಿದ ಮೊಟ್ಟಮೊದಲ ಪಂದ್ಯದಲ್ಲಿಯೇ ಅದು 82ಕ್ಕೆ ಉರುಳಿ, ಎದುರಾಳಿ ಬೌಲರುಗಳು ಧಾರಾಳವಾಗಿ ಬಿಟ್ಟುಕೊಟ್ಟ ಎಕ್‌ಸ್ಟ್ರಾಗಳೇ, ಎಂದರೆ ಯಾರ ಬ್ಯಾಟಿನಿಂದಲೂ ಬಾರದ ರನ್ನುಗಳೇ, ತಂಡದ ಅತ್ಯಧಿಕ ಮೊತ್ತವಾದವು. ಮರುವರ್ಷ ಲೋಕಸಭಾ ಚುನಾವಣೆಯ ಕಾರಣ ಪಂದ್ಯಾವಳಿ ದಕ್ಷಿಣ ಆಫ್ರಿಕಕ್ಕೆ ಸ್ಥಳಾಂತರಗೊಂಡಾಗ, ಜೋಹಾನ್ಸ್‌ಬರ್ಗಿನ ಫೈನಲ್ಲಿನಲ್ಲಿ ಅನಿಲ್ ಕುಂಬ್ಳೆ ನಾಯಕರಾಗಿ ಮೊದಲ ಓವರನ್ನು ತಾವೇ ಎಸೆದು ಆ್ಯಡಂ ಗಿಲ್‌ಕ್ರಿಸ್ಟ್ ಅವರನ್ನು ಸೊನ್ನೆಗೆ ಬೌಲ್ಡ್ ಮಾಡಿದರು; ಒಟ್ಟು ನಾಲ್ಕು ಓವರುಗಳಲ್ಲಿ 16 ರನ್ನಿಗೆ 4 ವಿಕೆಟ್. ಬೆಂಗಳೂರು ಆರು ರನ್ನುಗಳಿಂದ ಸೋತಿತು, ಪಂದ್ಯಶ್ರೇಷ್ಠ ಪ್ರಶಸ್ತಿ ಸೋತ ತಂಡದ ನಾಯಕರಿಗೆ ಹೋಯಿತು. ಆ ಪಂದ್ಯದಲ್ಲಿ ಅತ್ಯುತ್ತಮವಾಗಿ ಆಡಿದವರು ಯಾರೆಂಬುದನ್ನೂ ಪಂದ್ಯ ಗೆದ್ದವರು ಯಾರೆಂಬುದನ್ನೂ ಒಂದೇ ವೇದಿಕೆಯ ಮೇಲೆ, ಒಂದೇ ಗಳಿಗೆಯಲ್ಲಿ, ಬೇರೆ ಬೇರೆಯಾಗಿ ಘೋಷಿಸಿದರು, ಯಾರಿಗೂ ಅದರಲ್ಲಿ ವಿರೋಧಾಭಾಸ ಕಾಣಲಿಲ್ಲ. 2016ರಲ್ಲಿ ವಿರಾಟ್ ಕೊಹ್ಲಿ ನಾಲ್ಕು ಶತಕಗಳೊಂದಿಗೆ 973 ರನ್ ಕೂಡಿಹಾಕಿದರು, ತವರಿನ ಚಿನ್ನಸ್ವಾಮಿಯಲ್ಲಿಯೇ ನಡೆದ ಫೈನಲ್ಲಿನಲ್ಲಿ ತಂಡ ಎಂಟು ರನ್ನುಗಳಿಂದ ಸೋತಿತು. 2025ರಲ್ಲಿ ಅವರು 657 ರನ್ ಮಾಡಿದರು, ಜೂನ್ 3ರಂದು ಅಹಮದಾಬಾದಿನಲ್ಲಿ ತಂಡ ಆರು ರನ್ನುಗಳಿಂದ ಗೆದ್ದಿತು. 973ಕ್ಕಿಂತ 657 ದೊಡ್ಡದೆಂದು ತೋರಿಸುವ ಗಣಿತವನ್ನು ಯಾವ ಶಾಲೆಯಲ್ಲಿಯೂ ಕಲಿಸುವುದಿಲ್ಲ.

ಈ ಸಲ ಕಪ್ ನಮ್ದೇ ಎಂಬ ಘೋಷಣೆಯನ್ನು ವರ್ಷವರ್ಷವೂ ಕೂಗಿ, ಆಮೇಲೆ ಅದನ್ನು ತಾವೇ ಗೇಲಿ ಮಾಡಿಕೊಂಡು, ಮತ್ತೆ ಮರುವರ್ಷ ಕೂಗಿದವರ ಸಹನೆ ಮಾತ್ರ ಸಂಶೋಧನೆಗೆ ಯೋಗ್ಯವಾದ ವಸ್ತು. ಒಂದು ಕಪ್ಪನ್ನೂ ಗೆದ್ದುಕೊಡದ ಎ.ಬಿ. ಡಿವಿಲಿಯರ್ಸ್ ಅವರ ಹೆಸರನ್ನು ಚಿನ್ನಸ್ವಾಮಿಯ ಗ್ಯಾಲರಿಗಳು ಕೂಗಿದಷ್ಟು ಬೇರೆ ಊರಿನ ಗ್ಯಾಲರಿಗಳು ತಮಗೆ ಕಪ್ ತಂದವರ ಹೆಸರನ್ನು ಕೂಗಿವೆಯೇ ಎಂಬುದು ಸಂದೇಹಾಸ್ಪದ. ಅಂದರೆ ಅದೇ ಜನ ಕಪ್ ಬೇಕೆಂದೂ ಕೂಗಿದರು, ಕಪ್ ಇಲ್ಲದವರನ್ನೂ ತಲೆಯ ಮೇಲೆ ಹೊತ್ತರು, ಎರಡೂ ಒಂದೇ ಗಂಟಲಿನಿಂದ ಬಂದವು. ಕೊನೆಗೆ ಆ ತಂಡದ ಹೆಸರಿಗೆ ಮೊದಲ ಕಪ್ಪನ್ನು ತಂದವರು 2024ರ ಮಾರ್ಚಿನಲ್ಲಿ ದೆಹಲಿಯಲ್ಲಿ ಗೆದ್ದ ಸ್ಮೃತಿ ಮಂಧಾನ ನಾಯಕತ್ವದ ಮಹಿಳೆಯರು. ಆ ಫೈನಲ್ಲಿನಲ್ಲಿ ಬೆಂಗಳೂರಿನ ಶ್ರೇಯಾಂಕಾ ಪಾಟೀಲ್ 12 ರನ್ನಿಗೆ 4 ವಿಕೆಟ್ ಪಡೆದರು. ಹದಿನಾರು ವರ್ಷ ಗಂಡಸರ ಬ್ಯಾಟುಗಳನ್ನೇ ನೋಡುತ್ತ ಕೂಗಿದ್ದವರು ಕಪ್ ಇನ್ನೊಂದು ಬಾಗಿಲಿನಿಂದ ಒಳಗೆ ಬಂದದ್ದನ್ನು ಕಂಡು ಒಂದು ಕ್ಷಣ ತಬ್ಬಿಬ್ಬಾಗಿ, ಬಳಿಕ ಬಹಳ ಸಂತೋಷಪಟ್ಟರು. ಗಂಡಸರ ಕಪ್ ಬಂದ ಮರುದಿನ, 2025ರ ಜೂನ್ 4ರಂದು, ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗಿನ ನೂಕುನುಗ್ಗಲಿನಲ್ಲಿ 11 ಮಂದಿ ಪ್ರಾಣ ಕಳೆದುಕೊಂಡರು. ಆಟದ ಹಿರಿಮೆ ಕಿರಿಮೆಗಳನ್ನು ಕುರಿತ ಹರಟೆಗೆ ಆ ದಿನದ ಹತ್ತಿರ ಹೋಗುವ ಯೋಗ್ಯತೆಯಿಲ್ಲದಿರುವುದರಿಂದ ಅದನ್ನು ದಾಟಿಹೋಗುವುದೇ ಸರಿ.

ಕಪ್ಪೆಂದರೆ ಏನೂ ಅಲ್ಲ, ಆಟವೇ ಎಲ್ಲ ಎಂದು ಕಪ್ಪಿನ ಲೆಕ್ಕದ ವಿರುದ್ಧ ತುದಿಗೆ ಹೋಗಿ ಕೂರುವವರೂ ಇದ್ದಾರೆ. ಚಮಚ ಎತ್ತುವ ಪಂಗಡದಲ್ಲಿ ಅವರ ಸಂಖ್ಯೆ ಹೆಚ್ಚು, ಇಂಥ ಪ್ರಬಂಧಗಳ ಕರ್ತೃಗಳು ಸಾಮಾನ್ಯವಾಗಿ ಅವರ ಪೈಕಿಯವರೇ. ಅವರ ಪಾಲಿಗೆ ಬಹುಕಾಲ ಪರಮ ಉದಾಹರಣೆಯಾಗಿದ್ದವರು ರಾಹುಲ್ ದ್ರಾವಿಡ್. ಟೆಸ್ಟ್ ಕ್ರಿಕೆಟ್ಟಿನಲ್ಲಿ ಬೇರೆ ಯಾರೂ ಎದುರಿಸದಷ್ಟು, ಒಟ್ಟು 31,258 ಚೆಂಡುಗಳನ್ನು ಎದುರಿಸಿ 13,288 ರನ್ ಗಳಿಸಿದ ಅವರು, 2003ರ ವಿಶ್ವಕಪ್ ಫೈನಲ್ಲಿನಲ್ಲಿ ಸೋತ ತಂಡದ ವಿಕೆಟ್ ಕೀಪರ್ ಆಗಿದ್ದರು, 2007ರಲ್ಲಿ ಬಾಂಗ್ಲಾದೇಶಕ್ಕೂ ಶ್ರೀಲಂಕಾಕ್ಕೂ ಸೋತು ಗುಂಪಿನ ಹಂತದಲ್ಲಿಯೇ ಮನೆಗೆ ಮರಳಿದ ತಂಡದ ನಾಯಕರಾಗಿದ್ದರು, 2023ರ ನವೆಂಬರಿನಲ್ಲಿ ಸತತ ಹತ್ತು ಪಂದ್ಯಗಳನ್ನು ಗೆದ್ದು ಹನ್ನೊಂದನೆಯದಾದ ಫೈನಲ್ಲನ್ನು ಸೋತ ತಂಡದ ತರಬೇತುದಾರರಾಗಿದ್ದರು. ಸೋಲನ್ನು ಮುಖದ ಒಂದು ಗೆರೆಯೂ ಅಲುಗದಂತೆ ಸ್ವೀಕರಿಸುವ ಈ ಸ್ಥಿತಪ್ರಜ್ಞರನ್ನು ತೋರಿಸಿ, ನೋಡಿ, ಇವರಿಗೆ ಕಪ್ ಬೇಕೇ, ಎಂದು ಅಭಿಮಾನಿಗಳು ಕೇಳುತ್ತಿದ್ದರು.

ಬೇಕಾಗಿತ್ತು ಎಂಬುದು 2024ರ ಜೂನ್ 29ರಂದು ಬಾರ್ಬಡೋಸಿನ ಕೆನ್ಸಿಂಗ್ಟನ್ ಓವಲ್ಲಿನಲ್ಲಿ ತಿಳಿಯಿತು. ಟಿ20 ವಿಶ್ವಕಪ್ಪನ್ನು ಗೆದ್ದ ತಂಡದ ತರಬೇತುದಾರರ ಕೈಗೆ ಕೊಹ್ಲಿ ಟ್ರೋಫಿಯನ್ನು ಕೊಟ್ಟಾಗ, ದ್ರಾವಿಡ್ ಅದನ್ನು ಎರಡೂ ಕೈಗಳಿಂದ ಎತ್ತಿ, ಕಣ್ಣು ಮುಚ್ಚಿ, ಕುತ್ತಿಗೆಯ ನರಗಳು ಉಬ್ಬುವಂತೆ ಘರ್ಜಿಸಿದರು. 1997ರಲ್ಲಿ ಇದೇ ಮೈದಾನದಲ್ಲಿ ಗೆಲ್ಲಲು 120 ರನ್ ಬೇಕಾಗಿದ್ದ ಭಾರತ 81ಕ್ಕೆ ಕುಸಿದ ಟೆಸ್ಟಿನಲ್ಲಿ ಅವರು ಆಡಿದ್ದರು, ಮೊದಲ ಸರದಿಯಲ್ಲಿ 78 ಹೊಡೆದಿದ್ದರು. ಕಪ್ ನಿಷ್ಪ್ರಯೋಜಕವೆಂದು ವಾದಿಸುವವರು ಆ ಘರ್ಜನೆಗೆ ಸಮಜಾಯಿಷಿ ಕೊಡಬೇಕಾಗುತ್ತದೆ. ಕಪ್ಪೇ ಅಳತೆಯೆಂದು ವಾದಿಸುವವರ ಕಷ್ಟವೂ ಅಲ್ಲಿಯೇ ಇದೆ, ಏಕೆಂದರೆ ಕೊನೆಯ ಓವರಿನ ಮೊದಲ ಚೆಂಡಿನಲ್ಲಿ ಡೇವಿಡ್ ಮಿಲ್ಲರ್ ಹೊಡೆದದ್ದನ್ನು ಸೂರ್ಯಕುಮಾರ್ ಯಾದವ್ ಬೌಂಡರಿಯ ಹಗ್ಗದ ಒಳಗೆ ಹಿಡಿದು, ಮೇಲಕ್ಕೆ ಎಸೆದು, ತಾವು ಹಗ್ಗದ ಆಚೆ ಹೋಗಿ, ಮತ್ತೆ ಒಳಗೆ ಬಂದು ಹಿಡಿಯದೆ ಹೋಗಿದ್ದರೆ ಅದು ಸಿಕ್ಸರ್ ಆಗುತ್ತಿತ್ತು. ಹಾಗಾದರೆ 31,258 ಚೆಂಡುಗಳನ್ನು ಎದುರಿಸಿದವರ ಹಿರಿಮೆ, ಅವರು ಪೆವಿಲಿಯನ್ನಿನಲ್ಲಿ ಕೂತಿರುವಾಗ, ಇನ್ನೊಬ್ಬರ ಬೂಟಿನ ತುದಿಗೂ ಒಂದು ಹಗ್ಗಕ್ಕೂ ನಡುವಿನ ಅಂತರದಲ್ಲಿ ನಿರ್ಧಾರವಾಯಿತೆಂದು ಒಪ್ಪಬೇಕು. ಲಯೊನೆಲ್ ಮೆಸ್ಸಿಯವರ ಕಥೆಯೂ ಇಂಥದೇ. 2022ರ ಡಿಸೆಂಬರ್ 18ರಂದು ಕತಾರಿನಲ್ಲಿ ನಡೆದ ಫುಟ್‌ಬಾಲ್ ವಿಶ್ವಕಪ್ ಫೈನಲ್ಲಿನಲ್ಲಿ ಎರಡು ಗೋಲು ಹೊಡೆದಿದ್ದರೂ, ಹೆಚ್ಚುವರಿ ಸಮಯದ ಕಡೆಯ ಗಳಿಗೆಯಲ್ಲಿ ಗೋಲಿ ಎಮಿಲಿಯಾನೊ ಮಾರ್ಟಿನೆಜ್ ಎಡಗಾಲನ್ನು ಚಾಚಿ ಫ್ರಾನ್ಸಿನ ಕೊಲೊ ಮುವಾನಿಯವರ ಹೊಡೆತವನ್ನು ತಡೆದರೆ, ಪೆನಾಲ್ಟಿಗಳ ಸರದಿಯಲ್ಲಿ ಗೊಂಜಾಲೊ ಮೊಂಟಿಯೆಲ್ ಗುರಿ ತಪ್ಪದಿದ್ದರೆ ಮಾತ್ರವೇ ಅವರು ಜಗತ್ತಿನ ಶ್ರೇಷ್ಠರೆಂದು ಪ್ರಮಾಣಪತ್ರ ಪಡೆಯುವಂತಿತ್ತು. ಮೊಂಟಿಯೆಲ್ ಓಡಿಬಂದು ಒದೆಯುವಾಗ ಮೆಸ್ಸಿ ಮೈದಾನದ ನಡುಗೆರೆಯ ಬಳಿ ಸಹ ಆಟಗಾರರ ಜೊತೆ ನಿಂತಿದ್ದರು. ಕೋಟ್ಯಂತರ ಪ್ರೇಕ್ಷಕರಿಗಿಂತ ಹೆಚ್ಚಿನದೇನನ್ನೂ ಅವರು ಆಗ ಮಾಡಲು ಸಾಧ್ಯವಿರಲಿಲ್ಲ.

ಕಪ್ಪನ್ನು ಹಂಚುವುದು ಹೇಗೆಂಬ ಪ್ರಶ್ನೆ ಒಮ್ಮೆ ಅಕ್ಷರಶಃ ರೂಪಾಯಿಗಳಲ್ಲಿಯೇ ಎದುರಾದದ್ದುಂಟು. 2018ರಲ್ಲಿ ಹತ್ತೊಂಬತ್ತು ವರ್ಷದೊಳಗಿನವರ ವಿಶ್ವಕಪ್ಪನ್ನು ನ್ಯೂಜಿಲೆಂಡಿನಲ್ಲಿ ಗೆದ್ದ ತಂಡಕ್ಕೆ ದ್ರಾವಿಡ್ ತರಬೇತುದಾರರಾಗಿದ್ದಾಗ, ಕ್ರಿಕೆಟ್ ಮಂಡಳಿ ಅವರಿಗೆ 50 ಲಕ್ಷ ರೂಪಾಯಿಯನ್ನೂ ಉಳಿದ ಸಹಾಯಕ ಸಿಬ್ಬಂದಿಗೆ ತಲಾ 20 ಲಕ್ಷವನ್ನೂ ಘೋಷಿಸಿತು. ಈ ತಾರತಮ್ಯಕ್ಕೆ ದ್ರಾವಿಡ್ ಆಕ್ಷೇಪ ಎತ್ತಿದ ಮೇಲೆ ಎಲ್ಲರಿಗೂ 25 ಲಕ್ಷವೆಂದು ಅದು ಬದಲಾಯಿತು. ತಮ್ಮ ಪಾಲನ್ನು ಅರ್ಧಕ್ಕೆ ಇಳಿಸಿಕೊಂಡ ಈ ಲೆಕ್ಕಾಚಾರ ಉಂಗುರ ಎಣಿಸುವವರ ಕೋಷ್ಟಕದಲ್ಲಿ ಯಾವ ಕಾಲಮ್ಮಿಗೆ ಹೋಗುತ್ತದೆಂಬುದು ಇನ್ನೂ ಇತ್ಯರ್ಥವಾಗಿಲ್ಲ.

ಕಪ್ಪೇ ಅಳತೆಯೆಂಬ ಮಾತಿಗೆ ಅದನ್ನು ಆಡುವವರೇ ಬದ್ಧರಾಗಿದ್ದಾರೆಯೇ ಎಂದು ಪರೀಕ್ಷಿಸಲು ಕರ್ನಾಟಕದ ಅತ್ಯುತ್ತಮ ಆಟಗಾರರ ಹೆಸರು ಹೇಳಿರೆಂದು ಕೇಳಿದರೆ ಸಾಕು. ವಿಶ್ವನಾಥ್, ಪ್ರಸನ್ನ, ಚಂದ್ರ, ಕುಂಬ್ಳೆ, ದ್ರಾವಿಡ್, ಶ್ರೀನಾಥ್ ಎಂದು ಪಟ್ಟಿ ಸರಾಗವಾಗಿ ಹೊರಡುತ್ತದೆ. ಆಟಗಾರರಾಗಿ ಒಂದು ದಿನದ ಆಟದ ವಿಶ್ವಕಪ್ಪನ್ನು ಗೆದ್ದವರು ಇವರಲ್ಲಿ ಒಬ್ಬರೂ ಇಲ್ಲ. ಅದನ್ನು ಗೆದ್ದ ರೋಜರ್ ಬಿನ್ನಿ ಮತ್ತು ಸೈಯದ್ ಕಿರ್ಮಾನಿ ಅವರ ಹೆಸರುಗಳು, ಹೌದಲ್ಲ, ಅವರೂ ಇದ್ದಾರೆ, ಎಂಬ ಪೀಠಿಕೆಯೊಂದಿಗೆ ತಡವಾಗಿ ಬರುತ್ತವೆ. 1983ರ ವಿಶ್ವಕಪ್ಪಿನಲ್ಲಿ 18 ವಿಕೆಟ್ ಪಡೆದು ಎಲ್ಲ ತಂಡಗಳ ಬೌಲರುಗಳನ್ನೂ ಹಿಂದಿಕ್ಕಿದವರು ಬಿನ್ನಿ, ಅತ್ಯುತ್ತಮ ಕೀಪರ್ ಎಂಬ ಪ್ರಶಸ್ತಿ ಪಡೆದವರು ಕಿರ್ಮಾನಿ. ಜೂನ್ 18ರಂದು ಟನ್‌ಬ್ರಿಜ್ ವೆಲ್ಸ್ ಎಂಬ ಊರಿನಲ್ಲಿ ಜಿಂಬಾಬ್ವೆಯ ಎದುರು ಭಾರತ 17 ರನ್ನಿಗೆ ಐದು ವಿಕೆಟ್ ಕಳೆದುಕೊಂಡಾಗ ಕಪಿಲ್ ದೇವ್ ಅಜೇಯ 175 ಹೊಡೆದ ಪಂದ್ಯದಲ್ಲಿಯೂ ಇವರಿಬ್ಬರಿದ್ದರು: ಬಿನ್ನಿ 22 ಮಾಡಿ ಕಪಿಲ್ ಅವರೊಡನೆ 60 ರನ್ನುಗಳ ಜೊತೆಯಾಟ ಕಟ್ಟಿದರು, ಎಂಟು ವಿಕೆಟ್ ಬಿದ್ದ ಮೇಲೆ ಬಂದ ಕಿರ್ಮಾನಿ ಅಜೇಯ 24 ಮಾಡಿ ಮುರಿಯದ ಒಂಬತ್ತನೆಯ ವಿಕೆಟ್ಟಿಗೆ 126 ಸೇರುವವರೆಗೆ ಇನ್ನೊಂದು ತುದಿಯನ್ನು ಕಾದರು. ಆ ದಿನ ಬಿಬಿಸಿಯ ಕ್ಯಾಮೆರಾಗಳು ಇರಲಿಲ್ಲವಾದ್ದರಿಂದ ಪಂದ್ಯ ಬಾಯಿಮಾತಿನಲ್ಲಿಯೇ ಉಳಿದಿದೆ, ಬಾಯಿಮಾತಿನಲ್ಲಿ ಸಿಕ್ಸರುಗಳು ವರ್ಷಕ್ಕಿಷ್ಟು ಉದ್ದವಾಗುತ್ತ ಹೋಗುತ್ತವೆ. ದರ್ಶಿನಿಯ ಮೇಜಿನ ಬಳಿ ಆ 175ರ ಮಾತು ಎದ್ದಾಗಲೆಲ್ಲ ಯಾರಾದರೊಬ್ಬರು ಬಿನ್ನಿಯವರ 22ನ್ನೂ ಕಿರ್ಮಾನಿಯವರ 24ನ್ನೂ ಸೇರಿಸಿ ಹೇಳುತ್ತಾರೆ, ಹಾಗೆ ಹೇಳುವವರು ಬೆಂಗಳೂರಿನವರೇ ಎಂದು ಬಿಡಿಸಿ ಹೇಳಬೇಕಾಗಿಲ್ಲ; ಉಳಿದವರು ಸೌಜನ್ಯಕ್ಕೆ ತಲೆದೂಗಿ, ಕಪಿಲ್ ಹೊಡೆದ ಮುಂದಿನ ಸಿಕ್ಸರಿಗೆ ಹೋಗುತ್ತಾರೆ.